ಗೆರೆಯ ಆಚೆ ನಿಂತವರು

ಠಾಣೆ, ಕಲ್ಯಾಣದ ಮೈದಾನಗಳಲ್ಲಿ ಕಬಡ್ಡಿ ನಡೆಯುವಾಗ ಕಿವಿಗೆ ಬೀಳುವ ಮಾತು ‘ಚಢಾಯಿ’ ಮತ್ತು ‘ಪಕಡ್’. ಕನ್ನಡದ ದಾಳಿ, ಹಿಡಿತಕ್ಕೆ ಮರಾಠಿಯ ಹೆಸರುಗಳು. ಡೊಂಬಿವಲಿಯ ಕನ್ನಡಿಗರಿಗೆ ಎರಡೂ ಗೊತ್ತು. 2022ರ ಡಿಸೆಂಬರ್ 17ರಂದು ಮುಂಬಯಿಯಲ್ಲಿ ಈ ಎರಡೂ ಒಂದೇ ಪಾಳೆಯದಲ್ಲಿದ್ದವು. ಪ್ರೊ ಕಬಡ್ಡಿ ಫೈನಲ್ ಆಡಲು ಬಂದ ಪುಣೇರಿ ಪಲ್ಟನ್ ತಂಡದ ತರಬೇತುದಾರರು ಕರ್ನಾಟಕದ ಬಿ.ಸಿ. ರಮೇಶ್.

ಆ ದಿನ ತಂಡದ ಇಬ್ಬರು ಮುಖ್ಯ ದಾಳಿಗಾರರು, ಅಸ್ಲಂ ಇನಾಮದಾರ್ ಮತ್ತು ಮೋಹಿತ್ ಗೋಯತ್, ಕಣಕ್ಕಿಳಿಯಲಿಲ್ಲ. ಜೈಪುರ 33–29ರಿಂದ ಗೆದ್ದಿತು.

ರಮೇಶ್ ಅವರಿಗೆ ಇಂಥ ಸ್ಥಿತಿ ಹೊಸದಲ್ಲ. 2019ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಅವರ ಬೆಂಗಾಲ್ ವಾರಿಯರ್ಸ್ ತಂಡ ಗಾಯಾಳು ನಾಯಕ ಮಣಿಂದರ್ ಸಿಂಗ್ ಇಲ್ಲದೆಯೇ ಫೈನಲ್‌ಗೆ ಇಳಿದಿತ್ತು. ಆರಂಭದಲ್ಲೇ ದಬಂಗ್ ದೆಹಲಿ ಮುಂದೆ ಓಡಿತು. ದೆಹಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ತಂದರು. ಆದರೂ ಇರಾನಿನ ಮೊಹಮ್ಮದ್ ನಬಿಬಕ್ಷ್ ಮತ್ತು ಜೊತೆಗಾರರು ಪಂದ್ಯವನ್ನು ತಿರುಗಿಸಿ 39–34ರಿಂದ ಗೆದ್ದರು.

ಒಮ್ಮೆ ಗೆಲುವು, ಒಮ್ಮೆ ಸೋಲು. ಎರಡು ಸಲವೂ ತರಬೇತುದಾರರು ಗೆರೆಯ ಆಚೆಯೇ ಇದ್ದರು. ಆಟಗಾರನಾಗಿದ್ದಾಗ ಹಾಗಿರಲಿಲ್ಲ. 2001ರ ಸಾಲಿನ ಅರ್ಜುನ ಪ್ರಶಸ್ತಿ, 2002ರ ಬೂಸಾನ್ ಏಷ್ಯನ್ ಗೇಮ್ಸ್ ಚಿನ್ನ, ಎಲ್ಲವೂ ಸ್ವಂತ ಉಸಿರು, ಸ್ವಂತ ಕಾಲಿನ ಗಳಿಕೆ. ದಾಳಿಗೆ ಹೋದವನಿಗೆ ಮೂವತ್ತು ಸೆಕೆಂಡು ಇರುತ್ತದೆ; ತಪ್ಪಾದರೆ ಅವನೇ ಹೊರಗೆ. ತರಬೇತುದಾರನ ತಪ್ಪಿಗೆ ಮಾತ್ರ ಬೇರೆಯವನು ಅಂಗಳ ಬಿಡಬೇಕು. ಮಂಡಿ ಹೋದ ಹುಡುಗನನ್ನು ಫೈನಲ್ ಎಂಬ ಆಸೆಗೆ ಇಳಿಸಬಹುದೇ? ಇಳಿಸದೆ ಸೋತರೆ ಯಾರಿಗೆ ಉತ್ತರ ಹೇಳುವುದು? ಈ ಲೆಕ್ಕ ಸ್ಕೋರ್‌ಬೋರ್ಡಿನಲ್ಲಿ ಬರುವುದಿಲ್ಲ.

ಮುಂಬಯಿಯಲ್ಲಿ ಸೋತ ತಂಡವನ್ನು ರಮೇಶ್ ಬಿಡಲಿಲ್ಲ. ಅಂದು ಆಡಲಾಗದ ಅಸ್ಲಂ ಮುಂದಿನ ಋತುವಿಗೆ ನಾಯಕನಾದ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ರಕ್ಷಣೆಗೆ ಬಂದರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪಂಕಜ್ ಮೋಹಿತೆ ಒಂದೇ ದಾಳಿಯಲ್ಲಿ ನಾಲ್ಕು ಅಂಕ ಹೊತ್ತು ತಂದರು. ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಪಲ್ಟನ್‌ಗೆ ಮೊದಲ ಕಪ್.

2025ರಲ್ಲಿ ರಮೇಶ್ ಬೆಂಗಳೂರು ಬುಲ್ಸ್‌ನ ಮುಖ್ಯ ತರಬೇತುದಾರರಾದರು. ಡೊಂಬಿವಲಿಯ ಕನ್ನಡದ ಮನೆಗಳಿಗೆ ಈಗ ಹೊಸ ಪೇಚು: ಟಿವಿಯಲ್ಲಿ ಪುಣೆ, ಬೆಂಗಳೂರು ಎದುರಾದಾಗ ಯಾರಿಗೆ ಚಪ್ಪಾಳೆ? ಇಲ್ಲೇ ಹುಟ್ಟಿದ ಮಕ್ಕಳು ಪಲ್ಟನ್ ಅನ್ನುತ್ತಾರೆ. ಊರು ಬಿಟ್ಟು ಬಂದ ಅಜ್ಜ ಮಾತ್ರ ಗೆರೆಯ ಆಚೆ ನಿಂತವರನ್ನೇ ನೋಡುತ್ತಿರುತ್ತಾರೆ.