ಪಣಂಬೂರಿನ ಮೂಲ

ಕರಾವಳಿಯಿಂದ ಮುಂಬಯಿಗೆ ಬಂದವರಲ್ಲಿ ‘ಊರು ಯಾವುದು?’ ಎಂದು ಕೇಳಿದರೆ ಕಾಪು, ಮೂಲ್ಕಿ, ಕಿನ್ನಿಗೋಳಿ ಎಂಬ ಉತ್ತರ ಒಡನೆಯೇ ಬರುತ್ತದೆ. ನಮ್ಮ ಮನೆಯವರು ಪಣಂಬೂರು ಎನ್ನುತ್ತೇವೆ. ಕೇಳಿದವರ ಕಣ್ಣಮುಂದೆ ಸುಳಿಯುವುದು ಕ್ರೇನುಗಳು, ಎಣ್ಣೆಯ ಟ್ಯಾಂಕುಗಳು, ಕಲ್ಲಿದ್ದಲಿನ ಲಾರಿಗಳು. ಅಲ್ಲಿ ಮನೆಗಳೂ ಇದ್ದವೇ ಎಂದು ಮರುಪ್ರಶ್ನೆ ಹಾಕುತ್ತಾರೆ.

ಇದ್ದವು. ಗದ್ದೆ, ತೆಂಗಿನ ತೋಟ, ದಂಡೆಯ ಮೇಲೆ ಮೊಗವೀರರ ದೋಣಿಗಳು, ಎಲ್ಲವೂ ಇದ್ದವು. ಆಗ ಮಂಗಳೂರಿನ ಬಂದರು ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯೊಳಗಿತ್ತು. ಅಳಿವೆಯ ಬಾಯಲ್ಲಿ ಮರಳದಿಬ್ಬ. ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕಬೇಕಿತ್ತು. ಮಳೆಗಾಲದಲ್ಲಿ ವ್ಯವಹಾರವೇ ಸ್ತಬ್ಧ. ನಮ್ಮ ಅಜ್ಜಂದಿರು ಮುಂಬಯಿಯ ಹೋಟೆಲು ಕೆಲಸಕ್ಕೆ ಹೊರಟದ್ದು ಆ ಬಂದರಿನಿಂದ, ಹಡಗಿನಲ್ಲಿ ಚಾಪೆ ಹಾಸಿಕೊಂಡು. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸರ್ವಋತು ಬಂದರಿನ ಬೇಡಿಕೆಗೆ ಬಲ ಬಂತು. ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಅದಕ್ಕಾಗಿ ಪಟ್ಟುಹಿಡಿದರು. ೧೯೭೫ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಬಂದರನ್ನು ಉದ್ಘಾಟಿಸುವಾಗ ಮಲ್ಯರು ತೀರಿಹೋಗಿ ಒಂಬತ್ತು ವರ್ಷಗಳಾಗಿದ್ದವು.

ಪಣಂಬೂರಿನ ಬಂದರು ಪ್ರಕೃತಿ ಕೊಟ್ಟದ್ದಲ್ಲ. ಅಲ್ಲಿದ್ದುದು ನೆಟ್ಟಗಿನ ಮರಳದಂಡೆ. ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆತಂದರು. ಅಣೆಕಟ್ಟಿನಲ್ಲಿ ಮುಳುಗಿದ ಊರು ಬರದ ವರ್ಷದಲ್ಲಾದರೂ ತಲೆಯೆತ್ತೀತು. ಇಲ್ಲಿ ಊರು ನಿಂತಿದ್ದ ಮಣ್ಣೇ ಉಳಿದಿಲ್ಲ. ನಿರ್ವಸಿತರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ದೊರೆಯಿತು. ಮನೆತನದ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವರು ಮೂರನೇ ಬ್ಲಾಕು, ಏಳನೇ ಬ್ಲಾಕಿನವರಾದರು.

ಪ್ರತಿಫಲ ಸಿಗಲಿಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ದಾಯಾದಿಗಳಲ್ಲಿ ಇಬ್ಬರು ಬಂದರಿನ ಸಂಬಳದಲ್ಲೇ ಮಕ್ಕಳನ್ನು ಓದಿಸಿದರು. ಉಳಿದವರು ಮುಂಬಯಿಯ, ಆಮೇಲೆ ಗಲ್ಫಿನ ದಾರಿ ಹಿಡಿದರು. ಆದರೆ ಬಂದರು ನೆಚ್ಚಿದ ಸರಕೂ ಶಾಶ್ವತವಾಗಿರಲಿಲ್ಲ. ಕುದುರೆಮುಖದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಇಲ್ಲಿಗೆ ಹರಿಸಲು ಇರಾನ್ ಸಾಲ ಕೊಟ್ಟಿತ್ತು, ತನ್ನ ಉಕ್ಕಿಗಾಗಿ. ೧೯೭೯ರ ಕ್ರಾಂತಿಯ ನಂತರ ಇರಾನಿಗೆ ಅದಿರು ಬೇಡವಾಯಿತು. ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ ೨೦೦೫ರ ಕೊನೆಗೆ ಆ ಗಣಿಯೂ ನಿಂತಿತು. ಈಗ ಕಚ್ಚಾತೈಲ, ಕಲ್ಲಿದ್ದಲು, ಅಡುಗೆ ಅನಿಲದ ಕಾಲ. ಇಷ್ಟು ದೊಡ್ಡ ಬಂದರಿನಿಂದ ಮುಂಬಯಿಗೆ ನಮ್ಮನ್ನು ಕರೆದೊಯ್ಯುವ ಹಡಗು ಮಾತ್ರ ಇಲ್ಲ. ನಾವು ಮತ್ಸ್ಯಗಂಧ ರೈಲಿನಲ್ಲಿ ಬಂದು ಸುರತ್ಕಲ್ಲಿನಲ್ಲಿ ಇಳಿಯುತ್ತೇವೆ.

ಬರುವುದು ಮುಖ್ಯವಾಗಿ ನಾಗರ ಪಂಚಮಿಗೆ. ತುಳುನಾಡಿನವರು ಎಲ್ಲೇ ಬದುಕಲಿ, ನಾಗನಿಗೆ ತನು ಎರೆಯಲು ಮೂಲಸ್ಥಾನಕ್ಕೆ ಬರಬೇಕೆಂಬುದು ಕಟ್ಟಳೆ. ನಮ್ಮ ನಾಗಬನ ಬಂದರಿನ ಪಾಲಾಯಿತು. ಕಲ್ಲುಗಳನ್ನು ವಿಧಿಪೂರ್ವಕ ಎತ್ತಿತಂದು ಕಾಟಿಪಳ್ಳದ ಹಿತ್ತಿಲಿನಲ್ಲಿ ಪ್ರತಿಷ್ಠೆ ಮಾಡಿದರು. ಬನದ ಮರಗಳನ್ನು ತರಲಾಗಲಿಲ್ಲ. ಮನೆಯಲ್ಲೊಬ್ಬರಿಗೆ ಬಹುಕಾಲ ಮಕ್ಕಳಾಗದೆ ಪ್ರಶ್ನೆ ಇಡಿಸಿದಾಗ ಜೋಯಿಸರು ಕವಡೆ ಸರಿಸಿ, “ಮೂಲದಲ್ಲಿ ಆರಾಧನೆ ನಿಂತಿದೆ” ಎಂದರು.

“ಮೂಲದಲ್ಲಿ ಈಗ ಹಡಗು ನಿಂತಿದೆ ಜೋಯಿಸರೇ” ಎಂದರು ನಮ್ಮ ದೊಡ್ಡಮ್ಮ.

ಜೋಯಿಸರು ಬಹಳ ಹೊತ್ತು ಸುಮ್ಮನಿದ್ದು, ಆ ದಿಕ್ಕಿಗೆ ತಿರುಗಿ ಪ್ರಾರ್ಥಿಸಿದರೆ ಸಾಕೆಂದರು. ಅಂದಿನಿಂದ ಹಾಲು, ಎಳನೀರು ಕಾಟಿಪಳ್ಳದ ಕಲ್ಲಿಗೆ ಎರೆದು, ಒಂದು ತೆಂಗಿನಕಾಯಿಯನ್ನು ತೆಗೆದಿಟ್ಟುಕೊಂಡು ಸಂಜೆ ಪಣಂಬೂರಿನ ಕಡಲತೀರಕ್ಕೆ ಹೋಗುತ್ತೇವೆ. ಬಂದರಿನ ತಡೆಗೋಡೆಯ ಈಚೆಗೆ ನಿಂತು ಅದನ್ನು ನೀರಿಗೆ ಬಿಡುತ್ತೇವೆ. ಶ್ರಾವಣದ ಅಲೆ ಹೆಚ್ಚಾಗಿ ಅದನ್ನು ದಡಕ್ಕೇ ಎಸೆಯುತ್ತದೆ. ಅಲ್ಲಿ ಆಡುವ ಮಕ್ಕಳಲ್ಲಿ ಯಾರಾದರೂ ಎತ್ತಿಕೊಂಡು ಓಡುತ್ತಾರೆ.