ಮಂಜಿನ ಊರಲ್ಲಿ ಮುನಿಸಿಕೊಂಡ ಪಿಕಪ್ಪು

ಬೇಲೂರು ದಾಟಿ ಮೂಡಿಗೆರೆ ದಾರಿ ಹಿಡಿದರೆ ಬಸ್ಸಿನ ಕಿಟಕಿಯಿಂದ ಬರುವ ಗಾಳಿಯೇ ಬೇರೆ. ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್ ಮರಗಳು, ಅವನ್ನು ತಬ್ಬಿ ಹತ್ತಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪು ಹಣ್ಣು ಹೊತ್ತ ಕಾಫಿ ಗಿಡ. ಈ ತಾಲ್ಲೂಕಿನ ಜಾವಳಿಯಲ್ಲೇ ಹೇಮಾವತಿ ನದಿ ಹುಟ್ಟುವುದು. ಪೂರ್ಣಚಂದ್ರ ತೇಜಸ್ವಿಯವರು ಬಾಳಿದ ಊರೂ ಇದೇ ಮೂಡಿಗೆರೆ. ಕಳೆದ ಡಿಸೆಂಬರಿನಲ್ಲಿ, ಮೊಮ್ಮಗನ ಕ್ರಿಸ್‌ಮಸ್ ರಜೆಗೆಂದು, ನಾನು ನಮ್ಮ ಮನೆಯವಳು ಅವನನ್ನು ಕರೆದುಕೊಂಡು ಕೊಟ್ಟಿಗೆಹಾರದ ಕಡೆಗೆ ಹೋಗಿದ್ದೆವು. ಅಲ್ಲಿ ನನ್ನ ಭಾವಮೈದನಿಗೆ ಐದು ಎಕರೆ ತೋಟವಿದೆ.

ಜಲಪಾತ ತೋರಿಸುತ್ತೇನೆ, ಚಾರ್ಮಾಡಿ ಘಾಟಿ ತೋರಿಸುತ್ತೇನೆ ಎಂದೆಲ್ಲ ಮೊಮ್ಮಗನಿಗೆ ಆಸೆ ಹುಟ್ಟಿಸಿದ್ದೆ. ಮೊದಲ ಮೂರು ದಿನ ನಾವು ನೋಡಿದ್ದು ಒಂದು ಹಳೇ ಡೀಸೆಲ್ ಪಿಕಪ್ಪನ್ನು ಮಾತ್ರ.

ಮೊದಲ ದಿನ ಬೆಳಗ್ಗೆ ಆರಕ್ಕೆ ಎಚ್ಚರವಾದದ್ದೇ ಅದರ ಸದ್ದಿಗೆ. ‘ರ್ರೂಂ... ರ್ರೂಂ... ರೂ...’ ಎಂದು ಎಳೆದೆಳೆದು ತಿರುಗಿ ಸುಮ್ಮನಾಗುತ್ತಿತ್ತು. ಶಾಲು ಹೊದ್ದು ಹೊರಗೆ ಬಂದೆ. ಜಗುಲಿಯ ಗೋಡೆಗೆ ನೇತುಹಾಕಿದ್ದ ಉಷ್ಣಮಾಪಕದಲ್ಲಿ 11 ಡಿಗ್ರಿ. ಅಂಗಳದಾಚೆ ಏನೂ ಕಾಣದಷ್ಟು ಮಂಜು. ಪಿಕಪ್ಪಿನ ಹಿಂದೆ ಬಿಳಿ ಹೊಗೆ ಬೇರೆ. ಯಾವುದು ಮಂಜು ಯಾವುದು ಹೊಗೆ ಎಂದು ಮೂಗಿನಿಂದಲೇ ತಿಳಿಯಬೇಕು.

“ಇದು ದಿನಾ ಇದ್ದಿದ್ದೇ ಭಾವ. ನೀವು ಒಳಗೆ ಕೂತ್ಕೊಳ್ಳಿ, ಚಳಿ,” ಎಂದ ಭಾವಮೈದ. ನ್ಯೂಟ್ರಲ್‌ಗೆ ಹಾಕಿ, ಅಂಗಳದ ಇಳಿಜಾರಿನಲ್ಲಿ ಗಾಡಿಯನ್ನು ಜಾರಲು ಬಿಟ್ಟ. ಓಟ ಬಂದಾಗ ಗೇರ್ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಹಿಡಿಯಬೇಕು. ಅಂದು ಹಿಡಿಯಲಿಲ್ಲ. ಇಂಜಿನ್ ಓಡದಿದ್ದರೆ ಬ್ರೇಕಿಗೆ ಸಿಗುವ ಸಹಾಯವೂ ಸಿಗುವುದಿಲ್ಲ; ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಗಾಡಿ ಮಂಜಿನೊಳಗೆ ಮಾಯವಾಯಿತು, ಆಮೇಲೆ ‘ಧಡ್’ ಎಂಬ ಸದ್ದು. ನಾವೆಲ್ಲ ಓಡಿದೆವು. ಗೇಟಿನ ಪಕ್ಕದ ಮಣ್ಣಿನ ದರೆಗೆ ಮೂತಿ ಒತ್ತಿ ನಿಂತಿತ್ತು. ಅವನಿಗೆ ಏನೂ ಆಗಿರಲಿಲ್ಲ. ಆದರೆ ಸ್ಟೀರಿಂಗ್ ಹಿಡಿದ ಕೈ ನಡುಗುತ್ತಿದ್ದುದನ್ನು ನಾನು ಕಂಡೆ. ಅವನಿಗೂ ಈಗ ಅರವತ್ತಾರು.

ಕಾಫಿ ಕುಡಿಯುವಾಗ ವಿಷಯ ಹೊರಬಿತ್ತು. ಹಣ್ಣು ಕೊಯ್ಯಲು ನಾಲ್ಕು ಕಿಲೋಮೀಟರ್ ಆಚೆಯಿಂದ ನಾಲ್ಕು ಹೆಂಗಸರು ಬರುತ್ತಾರೆ. ಏಳೂವರೆಗೆ ಗಾಡಿ ಅಲ್ಲಿರಬೇಕು. ಎರಡು ದಿನ ತಡವಾಗಿತ್ತು. ಇನ್ನೊಂದು ಸಲ ಹೀಗಾದರೆ ಬೇರೆ ತೋಟಕ್ಕೆ ಹೋಗುತ್ತೇವೆಂದು ಅವರು ಹೇಳಿಯಾಗಿತ್ತು. ತಪ್ಪೇನಿಲ್ಲ, ಅವರಿಗೂ ದಿನಗೂಲಿ ಮುಖ್ಯ. ಹಣ್ಣಾದದ್ದನ್ನು ಕೊಯ್ಯದೆ ಬಿಟ್ಟರೆ ಉದುರುತ್ತದೆ. ಕೊಯ್ದದ್ದನ್ನು ಅಂದೇ ಪಲ್ಪರಿಗೆ ಸಾಗಿಸಬೇಕು. ಎರಡಕ್ಕೂ ಇದೇ ಗಾಡಿ. ಪೇಟೆಯ ಗ್ಯಾರೇಜೊಂದರಲ್ಲಿ, ಕಂಪ್ರೆಷನ್ ಹೋಗಿದೆ, ಇಂಜಿನ್ ಬಿಚ್ಚಬೇಕು, 70,000 ಆಗುತ್ತದೆ ಎಂದಿದ್ದರಂತೆ. ಗುಜರಿಯವನು 45,000 ಕೊಡುತ್ತೇನೆಂದು ಭಾನುವಾರ ಬರುವವನಿದ್ದ. ಬೆಂಗಳೂರಿನ ಮಗ ಕೊಟ್ಟುಬಿಡು ಎನ್ನುತ್ತಿದ್ದ.

“ಇಪ್ಪತ್ತೈದು ವರ್ಷ ದುಡೀತು ಭಾವ. ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು,” ಎಂದ.

ನನಗೆ ಇಂಜಿನ್ ವಿದ್ಯೆ ಗೊತ್ತಿಲ್ಲ. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತಿಕೆ. ಆದರೆ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಲೆಡ್ಜರುಗಳನ್ನೆಲ್ಲ ಹೊಸದಾಗಿ ಬರೆಯಲು ಕೂರುತ್ತಿರಲಿಲ್ಲ. ಮೊದಲು ವ್ಯತ್ಯಾಸದ ಮೊತ್ತ ನೋಡುತ್ತಿದ್ದೆವು. ಅದು ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದು ಎಂಬ ಗುಮಾನಿ. ಪಿಕಪ್ಪಿಗೂ ಹಾಗೇ ಒಂದೊಂದೇ ಪ್ರಶ್ನೆ ಕೇಳೋಣ ಎಂದು ಮೊಮ್ಮಗನ ಕೈಗೆ ನೋಟ್‌ಬುಕ್ ಕೊಟ್ಟೆ.

ಮಕ್ಕಳೇ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟೂ ಇದೇ. ಪೆಟ್ರೋಲ್ ಇಂಜಿನ್ನಿನ ಹಾಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇದರಲ್ಲಿಲ್ಲ. ಇಂಥ ಹಳೇ ಇಂಜಿನ್ನಿನಲ್ಲಿ ಇಪ್ಪತ್ತು ಪಾಲು ಗಾಳಿಯನ್ನು ಹೆಚ್ಚುಕಡಿಮೆ ಒಂದು ಪಾಲಿನ ಜಾಗಕ್ಕೆ ಒತ್ತುತ್ತಾರೆ. ಆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಅದಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಸಾಧಿಸಿ ತೋರಿಸಿದ. ಆದರೆ ಇಂಜಿನ್ ತಣ್ಣಗಿದ್ದರೆ, ಕಷ್ಟಪಟ್ಟು ಕಾಯಿಸಿದ ಶಾಖವನ್ನು ಸುತ್ತಲಿನ ಕಬ್ಬಿಣವೇ ಹೀರಿಬಿಡುತ್ತದೆ. ಚಳಿಗೆ ಇಂಜಿನ್ ಆಯಿಲ್ ದಪ್ಪವಾಗಿ, ಬ್ಯಾಟರಿಯೂ ಸೊರಗಿ, ಇಂಜಿನ್ ನಿಧಾನ ತಿರುಗಿದರೆ ಇನ್ನೂ ಕಷ್ಟ.

ಮೊಮ್ಮಗನ ಮೊದಲ ಅನುಮಾನ ಬಚ್ಚಲುಮನೆಯಲ್ಲಿ ಹುಟ್ಟಿತು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. “ಡೀಸೆಲೂ ಹೀಗೇ ಗಟ್ಟಿಯಾಗಿರಬೇಕು ತಾತ!” ದಡ್ಡ ಮಾತೇನಲ್ಲ. ಲಡಾಖಿನಲ್ಲಿ ಹಾಗಾಗುತ್ತದೆ, ಅದಕ್ಕೆಂದೇ ಇಂಡಿಯನ್ ಆಯಿಲ್‌ನವರು 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದರು. ಇಲ್ಲಿ ಹೇಗೆಂದು ನೋಡಲು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಹಾಕಿ, ಚೀಟಿ ಅಂಟಿಸಿ, ರಾತ್ರಿ ಜಗುಲಿಯಲ್ಲಿಟ್ಟೆವು.

ಕಂಪ್ರೆಷನ್ ವಿಚಾರಕ್ಕೆ ಭಾವಮೈದನನ್ನೇ ಕೇಳಿದೆ. ಮಧ್ಯಾಹ್ನ ಹೇಗೆ? ಅರ್ಧ ಸುತ್ತಿಗೇ ಸ್ಟಾರ್ಟ್. ಲೋಡ್ ಹಾಕಿದಾಗ ಏರಿನಲ್ಲಿ? ಚೆನ್ನಾಗಿ ಎಳೆಯುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿದೆವು, ಹೊಗೆ ಬುಸುಗುಟ್ಟಲಿಲ್ಲ. ಒಳಗೆ ಸವೆದುಹೋದ ಇಂಜಿನ್ ಇಷ್ಟು ಮರ್ಯಾದೆಯಿಂದ ಇರುವುದು ಕಷ್ಟ ಎನ್ನಿಸಿತು. ಬ್ಯಾಟರಿಯ ಟರ್ಮಿನಲ್ ಮೇಲೆ ಮಾತ್ರ ಬಿಳಿ–ಹಸಿರು ಪುಡಿ ಬೂಷ್ಟಿನ ಹಾಗೆ ಕೂತಿತ್ತು. ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ, ಒರೆಸಿ ಬಿಗಿದ. ಕಣ್ಣಿಗೆ ಹಾರೀತೆಂದು ಮೊಮ್ಮಗನನ್ನು ದೂರ ನಿಲ್ಲಿಸಿದ್ದೆ.

ಆಮೇಲೆ ನಾನೂ ಒಂದು ಪಂಡಿತನ ಮಾತು ಆಡಿದೆ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವುದರಿಂದ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿದು ಪೈಪಿಗೆ ಗಾಳಿ ಸೇರುತ್ತಿದೆ, ಕಾರಣ ಅದೇ ಎಂದು. ಪೈಪ್ ಎಲ್ಲಾದರೂ ಸಡಿಲವಿದ್ದರೆ ಹಾಗೆ ಆಗುವುದುಂಟು. ಅಂದು ಸಂಜೆ ಸಮತಟ್ಟಾದ ಕಣದ ಬದಿಯಲ್ಲಿ ನಿಲ್ಲಿಸಿದೆವು.

ಎರಡನೇ ಬೆಳಗ್ಗೆ ಬಾಟಲಿಯ ಡೀಸೆಲ್ ನೀರಿನ ಹಾಗೆ ಆಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಒಂದು ಗೀಟು ಬಿತ್ತು. ಕೀಲಿ ತಿರುಗಿಸಿದರೆ ಇಂಜಿನ್ ಮೊದಲಿಗಿಂತ ಚುರುಕಾಗಿ ತಿರುಗಿತು, ಆದರೆ ಹಿಡಿಯಲಿಲ್ಲ. ಮತ್ತೆ ಅದೇ ಬಿಳಿ ಹೊಗೆ. ಮೊಮ್ಮಗ ಹಿಂದೆ ನಿಂತವನು ಮೂಗು ಮುಚ್ಚಿಕೊಂಡು ಕೂಗಿದ: “ತಾತ, ಡೀಸೆಲ್ ಬರ್ತಾ ಇಲ್ಲ ಅಂದ್ರಲ್ಲ, ಮತ್ತೆ ಈ ಹೊಗೆ ಡೀಸೆಲ್ ವಾಸನೆ ಬರ್ತಿದೆ?”

ನಾನು ತೆಪ್ಪಗಾದೆ. ಹುಡುಗ ಹೇಳಿದ್ದು ಸರಿ. ಸುಡದ ಡೀಸೆಲ್ಲೇ ಬಿಳಿ ಹೊಗೆಯಾಗಿ ಬರುವುದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ ಎನ್ನಬಹುದಿತ್ತು. ಇಲ್ಲಿ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಲು ಬಿಸಿ ಸಾಲದು. ನನ್ನ ಗಾಳಿಯ ಸಿದ್ಧಾಂತಕ್ಕೂ ಅವನು ಗೀಟು ಎಳೆದ, ಸ್ವಲ್ಪ ಜೋರಾಗಿಯೇ.

ಅಷ್ಟರಲ್ಲಿ ಪಕ್ಕದ ತೋಟದ ಹುಡುಗನೊಬ್ಬ ಬಂದು, ಬಟ್ಟೆಗೆ ಸೀಮೆಎಣ್ಣೆ ಅದ್ದಿ ಹೊತ್ತಿಸಿ ಗಾಳಿ ಎಳೆಯುವ ಬಾಯಿಗೆ ಹಿಡಿಯೋಣ ಎಂದ. ಭಾವಮೈದ ಗದರಿಸಿ ಕಳಿಸಿದ. ಕೆಲವರು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಉಂಟು. ಒಳಗೆ ಕೆಂಪಗೆ ಕಾದ ಹೀಟರ್ ಇರುವ ಇಂಜಿನ್ನಿಗೆ ಅದನ್ನು ಹೊಡೆದರೆ ಸಿಡಿದು ಅನಾಹುತವಾದೀತು. ನಾಲ್ಕನೇ ಯತ್ನಕ್ಕೆ ಇಂಜಿನ್ ಕೆಮ್ಮುತ್ತ ಹಿಡಿಯಿತು. ಹೆಂಗಸರು ಇನ್ನೂ ರಸ್ತೆ ಬದಿಯಲ್ಲಿ ನಿಂತಿದ್ದರಂತೆ, ಪುಣ್ಯ.

ಅವರನ್ನು ತೋಟಕ್ಕೆ ಬಿಟ್ಟು ನೇರ ಬಣಕಲ್ಲಿಗೆ ಹೋದೆವು. ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ನೋಟ್‌ಬುಕ್ ಓದಿ ನಕ್ಕು, “ಅರ್ಧ ಕೆಲಸ ನೀವೇ ಮಾಡಿದ್ದೀರಲ್ಲ ಮಾರಾಯ್ರೆ,” ಎಂದರು. ಹಳೇ ಡೀಸೆಲ್ ಇಂಜಿನ್ನಿನ ಪ್ರತಿ ಸಿಲಿಂಡರಿಗೂ ಪೆನ್ಸಿಲ್ ತುಂಡಿನಂಥ ಒಂದು ಹೀಟರ್ ಪ್ಲಗ್ ಇರುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿದಾಗ ಬ್ಯಾಟರಿಯ ಕರೆಂಟಿನಿಂದ ಅದರ ತುದಿ ನಿಗಿನಿಗಿ ಕಾದು, ತಣ್ಣಗಿನ ಇಂಜಿನ್ನಿಗೆ ಕೊರತೆಯಾದ ಬಿಸಿಯನ್ನು ತುಂಬಿಕೊಡುತ್ತದೆ. ಅವರು ನಾಲ್ಕನ್ನೂ ಜೋಡಿಸಿದ್ದ ಪಟ್ಟಿ ಬಿಚ್ಚಿದರು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿದರು. ಮೊದಲನೆಯದು, ದೀಪ ಇಲ್ಲ. ಎರಡನೆಯದು, ಇಲ್ಲ. ಮೂರನೆಯದಕ್ಕೆ ಹತ್ತಿತು. ನಾಲ್ಕನೆಯದು, ಇಲ್ಲ.

“ನಾಲ್ಕು ಒಲೆಯಲ್ಲಿ ಮೂರು ಆರಿಹೋಗಿದೆ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ದೀಪ ಹತ್ತುತ್ತಿತ್ತಾ?” ಎಂದು ಕೇಳಿದರು. ಆ ಬಲ್ಬು ಎಂದೋ ಸುಟ್ಟುಹೋಗಿತ್ತು. ದೀಪ ಕಾಣದ ಮೇಲೆ ಕಾಯುವ ಅಭ್ಯಾಸವೂ ತಪ್ಪಿ, ಭಾವಮೈದ ವರ್ಷಗಟ್ಟಲೆ ಒಂದೇ ಸಲಕ್ಕೆ ಕೀಲಿ ತಿರುಗಿಸಿಬಿಡುತ್ತಿದ್ದ.

ನಾಲ್ಕು ಹೊಸ ಪ್ಲಗ್, ಒಂದು ಬಲ್ಬು, ಕೂಲಿ ಎಲ್ಲ ಸೇರಿ 2,000 ರೂಪಾಯಿಯೊಳಗೆ ಮುಗಿಯಿತು. ಲೆಕ್ಕ ನಾನೇ ಬರೆದೆ. ಅಭ್ಯಾಸ ಬಿಡುವುದಿಲ್ಲ ನೋಡಿ.

ಮೂರನೇ ಬೆಳಗ್ಗೆ 10 ಡಿಗ್ರಿ. ಮಂಜು ಇನ್ನೂ ದಟ್ಟ. ಭಾವಮೈದ ಕೀಲಿಯನ್ನು ಅರ್ಧಕ್ಕೆ ತಿರುಗಿಸಿದ. ಹಳದಿ ಸುರುಳಿ ದೀಪ ಹತ್ತಿತು. ಪಕ್ಕದ ಸೀಟಿನಲ್ಲಿದ್ದ ಮೊಮ್ಮಗ ಎಣಿಸತೊಡಗಿದ. ಹದಿನಾಲ್ಕಕ್ಕೆ ದೀಪ ಆರಿತು. “ಈಗ ಅಜ್ಜ!” ಎಂದು ಕೂಗಿದ. ಎರಡು ಸುತ್ತು, ಅಷ್ಟೇ. ಒಂದಿಷ್ಟು ಬಿಳಿ ಹೊಗೆ ಬಿಟ್ಟು ಇಂಜಿನ್ ಗುಡುಗುಡು ಎಂದು ಕೂತಿತು.

ಭಾವಮೈದ ಒಂದು ನಿಮಿಷ ಹಾಗೇ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, “ಭಾವ, ಆ ಗುಜರಿಯವನಿಗೆ ಒಂದು ಫೋನ್ ಮಾಡ್ಬಿಡಿ. ಭಾನುವಾರ ಬರೋದು ಬೇಡ ಅಂತ. ನಾವು ಅವತ್ತು ಈ ಹುಡುಗನ್ನ ಚಾರ್ಮಾಡಿಗೆ ಕರ್ಕೊಂಡು ಹೋಗ್ಬೇಕು,” ಎಂದು ಹೇಳಿ ಗೇರ್ ಹಾಕಿದ.