ಬೆಂಕಿಯ ಊರಿನ ದಾರಿ

ಶಿವಮೊಗ್ಗೆಯಲ್ಲಿ ತುಂಗೆಯನ್ನು ಬಿಟ್ಟು ಹೊರಟ ಪ್ರವಾಸಿಗೆ ಸುಮಾರು 20 ಕಿಲೋಮೀಟರಿನಲ್ಲೇ ಭದ್ರಾವತಿಯ ಭದ್ರೆ ಎದುರಾಗುತ್ತಾಳೆ. ಕಾಡಿನ ಇದ್ದಲು ಉರಿಸಿ 1923ರಲ್ಲಿ ಕಬ್ಬಿಣ ಕರಗಿಸಿದ ಊರಿದು. ಈ ದಾರಿಯಲ್ಲಿ ಮೋಟಾರು ಸೈಕಲ್ಲೇರಿ ಬರುವ ತರುಣರನ್ನು ಕಂಡಾಗ, ಬೆಂಕಿಯಿಂದ ಎದ್ದು ಬಂದ ಬೆಂಗಳೂರಿನ ಸಿ. ಎಸ್. ಸಂತೋಷರು ನೆನಪಾಗುತ್ತಾರೆ. ಮಣ್ಣಿನ ದಿಬ್ಬ ಹಾರುವ ಮೋಟೋಕ್ರಾಸ್ ಪಂದ್ಯಗಳಲ್ಲಿ ಹೆಸರಾದ ಇವರ ವಾಹನಕ್ಕೆ 2013ರಲ್ಲಿ ಅಬುಧಾಬಿಯ ಮರಳುಗಾಡಿನಲ್ಲಿ ಬೆಂಕಿ ಹತ್ತಿತು, ಕೊರಳು ಸುಟ್ಟಿತು. ಇನ್ನು ಸಾಕೆಂದು ಮನೆ ಸೇರಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೆ 2015ರಲ್ಲಿ, ದಕ್ಷಿಣ ಅಮೆರಿಕದಲ್ಲಿ ಸಾವಿರಾರು ಕಿಲೋಮೀಟರು ಸಾಗಿದ ಡಾಕರ್ ರ್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಮುಗಿಸಿದ ಭಾರತೀಯರಲ್ಲಿ ಅವರೇ ಮೊದಲಿಗರು. 2021ರಲ್ಲಿ ಸೌದಿ ಅರೇಬಿಯದಲ್ಲಿ ಅದೇ ರ್ಯಾಲಿಯಲ್ಲಿ ಬಿದ್ದು ಮತ್ತೆ ಆಸ್ಪತ್ರೆ ಸೇರಿದರು. ಭದ್ರೆಯ ಸೇತುವೆಯ ಬಳಿ ತರುಣರು ಗಾಡಿ ನಿಲ್ಲಿಸಿ, ಶಿರಸ್ತ್ರಾಣ ಕಳಚಿ, ಬೆವರೊರೆಸಿಕೊಳ್ಳುತ್ತಾರೆ.